ಪ್ರಭಾರ ಕಿವಿ

ನಮ್ಮ ನೀರಿನ ಮೀಟರ್ ಕಚೇರಿಯಲ್ಲಿ ಆಯಾಸವನ್ನು ರದ್ದುಪಡಿಸಲಾಗಿದೆ.

ರದ್ದು ಮಾಡಿದ್ದು ಒಂದು ಯಂತ್ರ. ಬೆಂಕಿಪೊಟ್ಟಣದಷ್ಟಿದೆ. ಅದರ ವೈರಿನ ತುದಿಯ ಕ್ಲಿಪ್ಪನ್ನು ಕಿವಿಗೆ ಸಿಕ್ಕಿಸಿಕೊಂಡರೆ ಆಯಿತು. ಸೂಜಿಯಿಲ್ಲ, ಮಾತ್ರೆಯಿಲ್ಲ. ಸಣ್ಣ ಕರೆಂಟು ಕಿವಿಯ ನರಕ್ಕೆ ಕಚಗುಳಿಯಿಟ್ಟು ಸುಸ್ತನ್ನು ಓಡಿಸುತ್ತೆ.

ಬಂದದ್ದು ಒಂದೇ ಯಂತ್ರವಾದ್ದರಿಂದ ಹಿರಿತನದ ಮೇಲೆ ಸಾಹೇಬರ ಕಿವಿಗೆ ಮಂಜೂರಾಯಿತು. ಸಾಹೇಬರು ವಿಶ್ರಾಂತಿಗೆಂದು ರಜೆಯಲ್ಲಿದ್ದರು. ದಿನಾ ಬಳಸದಿದ್ದರೆ ಯಂತ್ರ ವಾಪಸ್ ಅಂತ ನಿಯಮ.

ಹೆಡ್ ಕ್ಲಾರ್ಕ್ ಸುತ್ತ ನೋಡಿದರು. ನಾವೆಲ್ಲ ಲವಲವಿಕೆಯಿಂದ ಹರಟುತ್ತಿದ್ದೆವು. ಸುಸ್ತಾಗಿದ್ದವರು ಟೈಪಿಸ್ಟ್ ಅಕ್ಕ ಒಬ್ಬರೇ. ಕೆಲಸ ಮಾಡೋರೂ ಅವರೊಬ್ಬರೇ ಆದ್ದರಿಂದ ಇದರಲ್ಲಿ ವಿಶೇಷವೇನಿಲ್ಲ.

"ಅಕ್ಕಾ, ಸಾಹೇಬ್ರು ಬರೋವರೆಗೂ ನಿಮ್ಮ ಕಿವೀನ ಪ್ರಭಾರ ಕಿವಿಯಾಗಿ ನೇಮಿಸಿದೀನಿ."

"ಎಡಗಿವೀನಾ, ಬಲಗಿವೀನಾ?"

"ಸಾಹೇಬ್ರು ಯಾವ ಕಿವೀಲಿ ಕೇಳಿಸ್ಕೋತಾರೆ?"

"ಯಾವುದ್ರಲ್ಲೂ ಇಲ್ಲ."

"ಹಾಗಾದ್ರೆ ನಿಮ್ಮಿಷ್ಟ."

ಕ್ಲಿಪ್ಪು ಸಿಕ್ಕಿಸಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಅಕ್ಕನ ಕಣ್ಣು ಅರಳಿತು. "ಸದ್ಯ! ಸಂಜೆ ಮಗಳ ನಾಟಕ ಇದೆ. ಹೋದ ವರ್ಷ ಮುಂದಿನ ಸಾಲಲ್ಲೇ ಗೊರಕೆ ಹೊಡೆದ್ಬಿಟ್ಟೆ. ಈ ಸಲ ನಿದ್ದೆ ಮಾಡಿದ್ರೆ ಮಾತೇ ಬಿಡ್ತೀನಿ ಅಂದಿದಾಳೆ."

ಹೆಡ್ ಕ್ಲಾರ್ಕ್ ಗಾಬರಿಯಾದರು. "ಸಂಜೆಗಾ? ಕಿವಿ ನಿಮ್ದು, ಒಪ್ಪಿದೆ. ಉಲ್ಲಾಸ ಸಾಹೇಬ್ರದು. ಕಚೇರಿ ಸ್ವತ್ತು ಗೇಟು ದಾಟೋ ಹಾಗಿಲ್ಲ ಅಕ್ಕಾ!"

ಕೂಡಲೇ ಪ್ರಕಟಣೆ ಹೊರಟಿತು: "ಪ್ರಭಾರ ಕಿವಿಯಿಂದ ಉತ್ಪತ್ತಿಯಾದ ಉಲ್ಲಾಸವನ್ನು ಸಾಹೇಬರ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು. ಮಿಕ್ಕಿದ್ದನ್ನು ಕಚೇರಿಯಲ್ಲೇ ಖರ್ಚು ಮಾಡತಕ್ಕದ್ದು. ಗೇಟಿನಲ್ಲಿ ಎಲ್ಲರನ್ನೂ ತಪಾಸಣೆ ಮಾಡಲಾಗುವುದು."

ಅಕ್ಕನ ಕಂಪ್ಯೂಟರಿಗೆ ಮುಸುಕು ಹಾಕಿ, ಅವರನ್ನು ಸಾಹೇಬರ ಕೆಲಸಕ್ಕೆ ಕೂರಿಸಲಾಯಿತು. ಸಾಹೇಬರ ಕೆಲಸ ಅಂದರೆ ಕಿಟಕಿಯಾಚೆ ನೋಡೋದು. ಅಕ್ಕ ಸಂಜೆವರೆಗೂ ನಿಷ್ಠೆಯಿಂದ ನೋಡಿದರು. ಉಲ್ಲಾಸ ಖರ್ಚಾಗೋದಿರಲಿ, ಇನ್ನಷ್ಟು ಜಮೆಯಾಯಿತು.

ಗೇಟಿನಲ್ಲಿ ಕಾವಲುಗಾರ ಅವರ ಮುಖಕ್ಕೆ ಟಾರ್ಚು ಬಿಟ್ಟ. "ಏನಕ್ಕಾ, ಕಣ್ಣು ಫಳಫಳ ಅಂತಿದೆ? ಒಳಗೇನೋ ಇದ್ದಂಗಿದೆ."

ಆ ಕಡೆ ನಾಟಕದ ಹೊತ್ತು ಮೀರುತ್ತಿತ್ತು. ಅಕ್ಕ ಅವನನ್ನೇ ನೋಡಿದರು. ಆಮೇಲೆ ಬಾಯಿ ಅಗಲಿಸಿ, ಹೆಗಲು ಜೋತುಬಿಟ್ಟು, ಕಣ್ಣಲ್ಲಿ ನೀರು ಬರೋ ಹಾಗೆ ನಿಧಾನವಾಗಿ ಆಕಳಿಸಿದರು. ನೋಡನೋಡುತ್ತ ಅವನಿಗೂ ಆಕಳಿಕೆ ಬಂತು.

"ಅಯ್ಯೋ ಪಾಪ, ಏನೂ ಉಳಿದಿಲ್ಲ. ಹೋಗಿ ಮಲಗ್ಕೊಳ್ಳಿ ಅಕ್ಕಾ."

ನಾಟಕವನ್ನು ಅಕ್ಕ ರೆಪ್ಪೆ ಬಡಿಯದೆ ನೋಡಿದರಂತೆ. ಮಗಳು ಮಾತು ಮರೆತಾಗ ಮುಂದಿನ ಸಾಲಿಂದಲೇ ಎತ್ತಿಕೊಟ್ಟರಂತೆ.

ಪ್ರಭಾರ ಕಿವಿಗೆ ಕೊಡುತ್ತಿರುವ ಚಿಕಿತ್ಸೆಯಿಂದ ತಮಗೆ ಬಹಳ ಗುಣ ಕಾಣುತ್ತಿದೆಯೆಂದು ಸಾಹೇಬರು ರಜೆ ಮುಂದುವರಿಸಿದ್ದಾರೆ. ಗೇಟಿನಲ್ಲಿ ಇದುವರೆಗೆ ಒಬ್ಬರೂ ಉಲ್ಲಾಸದೊಂದಿಗೆ ಸಿಕ್ಕಿಬೀಳದ ಕಾರಣ ಇಲಾಖೆಯು ನಮ್ಮದನ್ನು ಮಾದರಿ ಕಚೇರಿ ಎಂದು ಘೋಷಿಸಿದೆ. ಸಂಜೆಯಾದರೆ ನಾವೆಲ್ಲ ಸಾಲಾಗಿ ನಿಂತು ಆಕಳಿಸಿ ಮನೆಗೆ ಹೋಗುತ್ತೇವೆ. ಸರಿಯಾಗಿ ಬಾರದವರಿಗೆ ಅಕ್ಕ ಮಧ್ಯಾಹ್ನ ಹೇಳಿಕೊಡುತ್ತಾರೆ. ಹೆಡ್ ಕ್ಲಾರ್ಕರ ಆಕಳಿಕೆ ಈಗ ಪರವಾಗಿಲ್ಲ.