ಶಾಲು ಕೊಳ್ಳಲು ಹೋಗಿ ಮಾರಿ ಬಂದದ್ದು

"ಭಾಷೆ ಬರದಿದ್ರೆ ಏನಂತೆ? ಎದುರಿಗೊಬ್ಬ ಮನುಷ್ಯ, ಮಧ್ಯೆ ಬಟ್ಟೆ. ಇಷ್ಟಿದ್ರೆ ನನಗೆ ಸಾಕು. ಯಾವ ದೇಶದ ಅಂಗಡಿಯವನಾದ್ರೂ ಅರ್ಧ ಬೆಲೆಗೆ ಇಳಿಸಿ ತೋರಿಸ್ತೀನಿ" ಎಂದು ಮೀಟರಪ್ಪನವರು ಹೋಟೆಲ್ ಕೋಣೆಯ ಕನ್ನಡಿಯೆದುರು ತಲೆ ಬಾಚುತ್ತ ಘೋಷಿಸಿದರು. ಬಾಚಲು ಕೂದಲು ಅಷ್ಟೇನೂ ಇರಲಿಲ್ಲ. ಘೋಷಣೆಗೆ ಮಾತ್ರ ಕೊರತೆಯಿರಲಿಲ್ಲ.

ಮೂವತ್ತು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದ ಮಹಾನುಭಾವರು ಅವರು. ಎದುರು ನಿಂತವರ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದುದರಿಂದ ಬೀದಿಯವರು ಮೀಟರಪ್ಪ ಎಂದು ಹೆಸರಿಟ್ಟಿದ್ದರು. ಆ ವರ್ಷ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಮಿಲ್ಲಿನವರು ಹೆಂಡತಿಯರ ಸಮೇತ ವಿದೇಶಕ್ಕೆ ಕರೆದುಕೊಂಡು ಬಂದಿದ್ದರು.

ಹೆಂಡತಿಗೆ ಬೇಕಾಗಿದ್ದುದು ಒಂದೇ ಒಂದು ಶಾಲು. ಬಟ್ಟೆ ವ್ಯಾಪಾರಿಯ ಹೆಂಡತಿಗೆ ಬಟ್ಟೆಗೇನು ಬರ ಎಂದು ನೀವು ಕೇಳಬಹುದು. ಬರವಿಲ್ಲ, ನಿಜ. ಆದರೆ ಗಿರಾಕಿಗಳು ಬೇಡವೆಂದದ್ದು, ಅಂಚು ಮಾಸಿದ್ದು, ಥಾನಿನ ಕೊನೆಯಲ್ಲಿ ಉಳಿದದ್ದು, ಇವೆಲ್ಲ ಮನೆಗೆ ಬರುತ್ತಿದ್ದವು. ಮದುವೆಯಾದಂದಿನಿಂದ ಆಕೆ ಉಟ್ಟದ್ದೆಲ್ಲ ಉಳಿದದ್ದೇ. "ಒಂದು ಸಲ ನಾನೇ ನೋಡಿ, ನಾನೇ ಆರಿಸಿದ್ದು ಹೊದ್ಕೋಬೇಕು ಅಂತ ಆಸೆ ರೀ" ಎಂದು ಆಕೆ ವಿಮಾನದಲ್ಲಿ ಮೆಲ್ಲಗೆ ಹೇಳಿದ್ದಳು. ಮೀಟರಪ್ಪನವರು ಕೂಡಲೇ "ನೀನು ಬೆರಳು ತೋರಿಸು, ಸಾಕು" ಎಂದು ಮಾತು ಕೊಟ್ಟಿದ್ದರು.

ಆ ಊರಿನ ಸಂತೆಯಲ್ಲಿ ಅಂಗಡಿಗಳ ಮೂರನೇ ಸಾಲಿಗೆ ಬಂದಾಗ ಆಕೆ ಬೆರಳು ತೋರಿಸಿದಳು. ಪಾರಿವಾಳದ ಬಣ್ಣದ ಶಾಲು, ಅಂಚಿನಲ್ಲಿ ಸಣ್ಣ ಕೆಂಪು ಹೂಗಳು. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸಿದಳು. ಮೀಟರಪ್ಪನವರು ಎದೆ ಹಿಡಿದುಕೊಂಡರು, ಆಕಾಶ ನೋಡಿದರು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ತೂರಾಡಿದರು. ಆಮೇಲೆ ಚೇತರಿಸಿಕೊಂಡು ಸರಿಯಾಗಿ ಅರ್ಧ ಒತ್ತಿದರು.

ಅಂಗಡಿಯಾಕೆ ನಕ್ಕು ತಲೆಯಾಡಿಸಿ ಶಾಲು ಕಟ್ಟಲು ಕಾಗದ ತೆಗೆದಳು.

ಮೀಟರಪ್ಪನವರ ಮುಖ ಸಪ್ಪಗಾಯಿತು. "ಇಷ್ಟು ಬೇಗ ಒಪ್ಪಿಬಿಟ್ಳಲ್ಲೇ" ಎಂದರು.

"ಒಳ್ಳೇದಾಯ್ತಲ್ಲ, ಕೊಟ್ಟು ತಗೊಳ್ಳಿ."

"ನಿನಗೆ ಗೊತ್ತಾಗಲ್ಲ. ಒಂದೇ ಮಾತಿಗೆ ಒಪ್ಪಿದ್ಳು ಅಂದ್ರೆ ನಾನು ಜಾಸ್ತಿ ಹೇಳ್ಬಿಟ್ಟೆ ಅಂತ ಅರ್ಥ. ತಾಳು, ಶಾಲಲ್ಲೊಂದು ದೋಷ ಹುಡುಕ್ತೀನಿ."

ದೋಷ ಹುಡುಕಲು ಶಾಲನ್ನು ಕೈಗೆತ್ತಿಕೊಂಡರು ನೋಡಿ, ಅಲ್ಲೇ ಕೆಟ್ಟಿತು. ಮೂವತ್ತು ವರ್ಷ ಪಳಗಿದ ಕೈಗಳು ಯಜಮಾನನ ಮಾತು ಕೇಳುತ್ತವೆಯೇ? ಶಾಲು ಫಟ್ಟನೆ ಗಾಳಿಯಲ್ಲಿ ಬಿಚ್ಚಿಕೊಂಡಿತು, ಮೊಣಕೈ ಮೇಲೆ ಹರಡಿತು, ತಾನಾಗಿ ಅವರದೇ ಭುಜವೇರಿ ಕುಳಿತಿತು. ದಾರಿಯಲ್ಲಿ ಹೋಗುತ್ತಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ನಿಂತು ನೋಡಿದಳು. ನಿಂತ ಗಿರಾಕಿಯನ್ನು ಕಂಡ ಮೇಲೆ ಮೀಟರಪ್ಪನವರಿಗೆ ತಾವು ಯಾವ ದೇಶದಲ್ಲಿದ್ದೇವೆ ಎಂಬುದೇ ಮರೆತುಹೋಯಿತು.

"ಬನ್ನಿ ತಾಯಿ, ಮುಟ್ಟಿ ನೋಡಿ. ಒಗೆದಷ್ಟೂ ಮೆತ್ತಗಾಗತ್ತೆ. ನಿಮ್ಮ ಬಣ್ಣಕ್ಕಂತೂ ಹೇಳಿ ಮಾಡಿಸಿದ ಹಾಗಿದೆ" ಎಂದು ಅಪ್ಪಟ ಕನ್ನಡದಲ್ಲಿ ಶುರುವಿಟ್ಟರು. ಆಕೆಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಮುಟ್ಟಿದಳು, ಹೊದ್ದಳು, ಕನ್ನಡಿ ನೋಡಿಕೊಂಡು ಕರಗಿಹೋದಳು. ಕ್ಯಾಲ್ಕುಲೇಟರಿನಲ್ಲಿ ಪೂರ್ತಿ ಬೆಲೆ ಒತ್ತಿದವರೂ ಮೀಟರಪ್ಪನವರೇ. ಹಣ ಅಂಗಡಿಯಾಕೆಯ ಕೈಸೇರಿತು. ಶಾಲನ್ನು ಅಚ್ಚುಕಟ್ಟಾಗಿ ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟು, "ಮತ್ತೆ ಬನ್ನಿ ತಾಯಿ" ಎಂದು ಬೀಳ್ಕೊಟ್ಟರು.

ಬೀಗುತ್ತ ತಿರುಗಿದರೆ ಹೆಂಡತಿ ನಿಂತಿದ್ದಳು.

"ಇಲ್ಲಿಗೂ ಬಂದು ಮಾರಿಬಿಟ್ರಲ್ಲ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದನಿ ತೀರಾ ಮೆತ್ತಗಿತ್ತು.

"ಅಯ್ಯೋ, ಕೈತಪ್ಪಿ ಆಗೋಯ್ತು ಕಣೇ. ಅಂಥದೇ ಇನ್ನೊಂದು ಇರತ್ತೆ."

"ಅಂಥದು ಇಲ್ಲ, ನೋಡಿದೆ. ಬೇರೆ ಇದಾವೆ, ಉಳಿದದ್ದು. ಕೊಡಿ, ನನಗೆ ಅಭ್ಯಾಸ ಇದೆ."

ಮೀಟರಪ್ಪನವರು ಎಷ್ಟು ಸಾವಿರ ಹೆಂಗಸರಿಗೆ ಬಟ್ಟೆ ಹರಡಿ ತೋರಿಸಿದ್ದಾರೆ! ಮನೆಯವಳ ಮುಂದೆ ಒಂದು ಸೀರೆಯನ್ನಾದರೂ ಹಾಗೆ ಹರಡಿದ್ದುಂಟೇ? ನೆನಪಾಗಲಿಲ್ಲ. ನಾಚಿಕೆಯಾಯಿತು.

ಅವರು ಅಂಗಡಿಯಾಕೆಗೆ ಕೈಮುಗಿದರು. ಆಕೆಯ ಸ್ಟೂಲನ್ನು ತೋರಿಸಿ, ಹೆಂಡತಿಯನ್ನು ತೋರಿಸಿ, ಕೈಸನ್ನೆಯಲ್ಲೇ ಏನೇನೋ ಬೇಡಿಕೊಂಡರು. ಆಕೆಗೆ ಏನರ್ಥವಾಯಿತೋ, ಸ್ಟೂಲು ಬಂತು. ಹೆಂಡತಿಯನ್ನು ಕೂರಿಸಿ ಮೀಟರಪ್ಪನವರು ಮಾಲು ಹರಡುವ ಕಟ್ಟೆಯ ಆಚೆ ಬದಿಗೆ ಹೋಗಿ ನಿಂತರು.

"ಏನು ತೋರಿಸ್ಲಿ ಅಮ್ಮಾ?"

"ಏನ್ರೀ ಇದು, ಎಲ್ಲ ನೋಡ್ತಿದಾರೆ."

"ನೋಡ್ಲಿ ಬಿಡಿ ಅಮ್ಮಾ. ನೀವು ನಿಧಾನವಾಗಿ ಆರಿಸಿ. ಯಾವ ಬಣ್ಣದಲ್ಲಿ ಕೊಡ್ಲಿ?"

ಬಹುವಚನ ಕೇಳಿ ಆಕೆ ಮೊದಲು ನಾಚಿದಳು. ಆಮೇಲೆ ಬೆನ್ನು ನೆಟ್ಟಗಾಯಿತು. "ಆ ಹಸಿರು ತೆಗೀರಿ. ಅದಲ್ಲ, ಅದರ ಕೆಳಗಿಂದು. ಬಣ್ಣ ಬಿಡತ್ತಾ?"

"ಬಿಡಲ್ಲ ಅಮ್ಮಾ."

"ಎಲ್ಲರೂ ಹಾಗೇ ಹೇಳ್ತಾರೆ. ಇನ್ನೂ ಸ್ವಲ್ಪ ತಿಳಿ ಬಣ್ಣದ್ದು ಇಲ್ವಾ? ಅಂಚು ದೊಡ್ಡದಾಯ್ತು. ಮೇಲಿನ ಗೂಡಲ್ಲಿ ಏನಿದೆ?"

ಮೇಲಿನ ಗೂಡು ಖಾಲಿಯಾಯಿತು. ಕೆಳಗಿನ ಗೂಡೂ ಖಾಲಿಯಾಯಿತು. ಅಂಗಡಿಯಾಕೆ ಒಳಗಿನಿಂದ ಪೆಟ್ಟಿಗೆ ಎಳೆದು ತಂದಳು. ಮೀಟರಪ್ಪನವರು ಬೆವರು ಒರೆಸಿಕೊಳ್ಳುತ್ತ ಹೊದ್ದು ತೋರಿಸಿದರು, ತಿರುಗಿ ತೋರಿಸಿದರು, ಬಿಸಿಲಿಗೆ ಹಿಡಿದು ತೋರಿಸಿದರು. ಕಟ್ಟೆಯ ಮೇಲೆ ಶಾಲುಗಳ ಗುಡ್ಡವೇ ಎದ್ದಿತು.

ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದಳು. "ಎಲ್ಲ ಚೆನ್ನಾಗಿದೆ. ಇನ್ನೊಂದೆರಡು ಕಡೆ ನೋಡ್ಕೊಂಡು ಬರ್ತೀನಿ" ಎಂದು ನಡೆದೇಬಿಟ್ಟಳು.

ಮೀಟರಪ್ಪನವರು ಕಕ್ಕಾಬಿಕ್ಕಿಯಾಗಿ ನಿಂತರು. ಅಂಗಡಿಯಾಕೆ ಅವರ ಭುಜ ತಟ್ಟಿ ಒಂದು ಶಾಲಿನ ತುದಿಯನ್ನು ಕೈಗಿತ್ತಳು. ಎರಡು ದೇಶದ ವ್ಯಾಪಾರಿಗಳು ಸೇರಿ ಒಂದೊಂದಾಗಿ ಮಡಚಿ ಪೇರಿಸಿದರು. ಕೊನೆಯದನ್ನು ಇಡುತ್ತಿರುವಾಗ ಹೆಂಡತಿ ಬರಿಗೈಯಲ್ಲಿ ವಾಪಸ್ಸು ಬಂದಳು. ಮುಖ ಊರಗಲ ಅರಳಿತ್ತು.

"ಎಲ್ಲೂ ಒಪ್ಪಿಗೆ ಆಗ್ಲಿಲ್ವಾ ಅಮ್ಮಾ?"

"ಬೇಕಾದಷ್ಟು ಇತ್ತು. ನಿಮ್ಮ ಹಾಗೆ ತೋರಿಸೋರು ಯಾರೂ ಇರ್ಲಿಲ್ಲ." ಆಕೆ ಸ್ಟೂಲಿನ ಮೇಲೆ ಕುಳಿತಳು. "ಆ ರಾಶೀಲಿ ಎಲ್ಲಕ್ಕಿಂತ ಅಡಿಯಲ್ಲಿದೆಯಲ್ಲ, ಅದನ್ನ ಕೊಡಿ."

ಮೀಟರಪ್ಪನವರು ಅದನ್ನು ಎಳೆದರು. ಮಡಚಿಟ್ಟ ರಾಶಿ ಪೂರಾ ಧೊಪ್ಪನೆ ನೆಲಕ್ಕೆ ಬಿತ್ತು. ಚೌಕಾಸಿಯ ಸೊಲ್ಲೆತ್ತದೆ ಜೇಬಿಗೆ ಕೈಹಾಕಿದರು.

"ಕಟ್ಟಿ ಕೊಡ್ಲಾ ಅಮ್ಮಾ?"

"ಅವಸರ ಇಲ್ಲ" ಎಂದಳು ಗಿರಾಕಿ. "ಮೊದಲು ಅವನ್ನೆಲ್ಲ ಮಡಚಿಡಿ. ಆಮೇಲೆ ಇನ್ನೊಂದ್ಸಲ ಹೊದ್ದು ತೋರಿಸಿ."