ಬೆಕ್ಕಿಗೆ ಬಂದ ನೋಟಿಸು

ನಮ್ಮ ಬೆಕ್ಕಿಗೆ ಅಂಚೆಯಲ್ಲಿ ಲೀಗಲ್ ನೋಟಿಸು ಬಂತು ಎಂದರೆ ನೀವು ನಂಬುವುದಿಲ್ಲ. ರಾಮದುರ್ಗದ ನಮ್ಮ ಓಣಿಯಲ್ಲಿ ಮಾತ್ರ ಯಾರೂ ಆಶ್ಚರ್ಯಪಡಲಿಲ್ಲ. ಕಳಿಸಿದವರು ಪಕ್ಕದ ಮನೆಯ ಚಾಚಾ! ಮೂವತ್ತು ವರ್ಷ ಬಸ್ಸು ಓಡಿಸಿ ಹೋದ ವರ್ಷ ನಿವೃತ್ತರಾದವರು, ಈಗ ಕಾಲೇಜಿನಲ್ಲಿ ಪ್ಯಾರಾಲೀಗಲ್ ಕೋರ್ಸಿನ ವಿದ್ಯಾರ್ಥಿ. ವಕೀಲರ ಕೈಕೆಳಗೆ ಕಾಗದಪತ್ರ ಸಿದ್ಧಪಡಿಸುವವರ ತರಬೇತಿ ಅದು. ನೋಟಿಸು ಬರೆಯುವುದು ಮೊದಲ ಹೋಮ್‌ವರ್ಕ್. ಅದಕ್ಕೊಬ್ಬ ಎದುರಾಳಿ ಬೇಕಲ್ಲ? ಒಂಟಿ ಮನುಷ್ಯ, ಜಗಳಕ್ಕೂ ಮನೆಯಲ್ಲಿ ಯಾರೂ ಇಲ್ಲ. ಹೀಗಾಗಿ ಹಾಲು ಕುಡಿದ ಆರೋಪ ನಮ್ಮ ಬೆಕ್ಕಿನ ಮೇಲೆ ಬಂತು.

"ಚಾಚಾ, ಅದಕ್ಕ ಓದಾಕ ಬರೂದಿಲ್ರಿ," ಎಂದೆ.

"ನೀವು ಸಾಲ್ಯಾಗ ಕಲಸೋ ಅಕ್ಕೋರಲ್ರಿ, ಓದಿ ಹೇಳ್ರಿ. ಹದಿನೈದು ದಿನ ಟೈಮ್ ಕೊಟ್ಟೇನಿ."

ಹದಿನಾರನೆಯ ದಿನ ಹೋಗಿ ನೋಡಿದರೆ ಆರೋಪಿ ಅವರ ಕಟ್ಟೆಯ ಮೇಲೆ ಕೂತು ಅವರದೇ ಬಸಿಯಲ್ಲಿ ಹಾಲು ಕುಡಿಯುತ್ತಿತ್ತು.

"ರಾಜಿ ಆತ್ರಿ," ಎಂದರು.

ನಂತರ ಸಾಕ್ಷಿಯ ಪಾಠ ಬಂತು. ತಾನೇ ಕಂಡದ್ದು, ತಾನೇ ಕೇಳಿದ್ದು ಮಾತ್ರ ಸಾಕ್ಷಿ. ಮಂದಿ ಅಂದದ್ದು ಅಲ್ಲ. ಹಾಲಿನವಳು, "ಹೂಲಿ ಊರಾಗ ಭಾಳ ಮಳಿ ಆಗೇತಂತ್ರಿ," ಎಂದಳು.

"ನೀ ತೊಯ್ಸ್ಕೊಂಡಿಯೇನು?" ಚಾಚಾ ಕೇಳಿದರು.

"ಇಲ್ರಿ."

"ಹಂಗಾದ್ರ ಮಳಿ ಆಗಿಲ್ಲ."

ಮರುದಿನದಿಂದ ಅವಳು ಹಾಲು ಸುರಿದು, ಮಾತಿಲ್ಲದೆ ಹೋಗತೊಡಗಿದಳು. ಮೊದಲೇ ಆ ಮನೆಯಲ್ಲಿ ಮಾತು ಕಡಿಮೆ. ಕಾಲೇಜಿನಲ್ಲಿ ಮೊದಲ ದಿನ ಹುಡುಗಿಯರು ಇವರೇ ಮೇಷ್ಟ್ರು ಎಂದುಕೊಂಡು ಎದ್ದು ನಿಂತರಂತೆ. ಇವರು "ಕುಂದರ್ರಿ" ಎಂದು ಹೇಳಿ, ಕೊನೆಯ ಬೆಂಚಿಗೆ ಹೋಗಿ ಒಬ್ಬರೇ ಕೂತರಂತೆ. ಇದನ್ನು ನಾನು ಕಂಡಿಲ್ಲ; ಸಾಕ್ಷಿಯೆಂದು ಹಿಡಿಯಬೇಡಿ.

ಕಳೆದ ಭಾನುವಾರ ಹಾಳೆ, ಪೆನ್ನು ಹಿಡಿದು ಬಂದರು. ಸಾಕ್ಷಿಯೊಬ್ಬರ ಹೇಳಿಕೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಹೋಗಬೇಕಂತೆ.

"ಯಾವ ವಿಷಯ, ಚಾಚಾ? ಮತ್ತ ಬೆಕ್ಕಿಂದೇನು?"

"ಅಲ್ರಿ. ನಿಮ್ಮ ಚಾಚೀದು."

ಚಾಚಿ ತೀರಿಕೊಂಡು ಎರಡು ವರ್ಷವಾಯಿತು. ಎದೆನೋವು ಬಂದಾಗ ಚಾಚಾ ಮನೋಳಿ ಬಸ್ಸಿನ ಡ್ಯೂಟಿಯಲ್ಲಿದ್ದರು. ಚಾಚಿಯ ಹತ್ತಿರ ಇದ್ದವಳು ನಾನೊಬ್ಬಳೇ. ಏನಾಯಿತೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ನಾನೇ ಹೇಳಹೊರಟರೆ "ಇರ್ಲಿ ಬಿಡ್ರಿ" ಎಂದು ಎದ್ದು ಹೋಗುತ್ತಿದ್ದರು.

ಎಲ್ಲರಿಗೂ ಹೇಳುತ್ತ ಬಂದ ಮಾತೇ ಬಾಯಿಗೆ ಬಂತು. "ನೋವಿಲ್ಲದ ಹೋದ್ರು."

"ಅದು ನಿಮ್ಮ ಅಭಿಪ್ರಾಯ. ಕಂಡಿದ್ದು ಹೇಳ್ರಿ, ಅಕ್ಕೋರ."

ಹೇಳಿದೆ. ಅಂಬುಲೆನ್ಸಿಗೆ ಫೋನ್ ಮಾಡಿ ಕಾಯುತ್ತಿದ್ದೆ. ಚಾಚಿ ನನ್ನ ಮುಂಗೈ ಹಿಡಿದಿದ್ದರು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ "ಅವರ ಗಾಡಿ ಏನ್ರಿ?" ಎಂದು ಕೇಳಿದರು. ಎರಡು ಸಲ ಇಲ್ಲ ಎಂದೆ. ಮೂರನೆಯ ಸಲ ಹೌದು ಎಂದೆ. ಅದು ಸುಳ್ಳು. ಚಾಚಿ ಜಾರಿದ್ದ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. ಆಮೇಲೆ ನನ್ನ ಮುಂಗೈ ಮೇಲಿನ ಹಿಡಿತ ಸಡಿಲವಾಯಿತು.

ಪೆನ್ನು ನಿಂತಿತ್ತು.

"ಎಷ್ಟೊತ್ತಿಗೆ?"

"ನಾಕೂಕಾಲಿಗೆ."

ಅದನ್ನು ಬರೆದುಕೊಂಡರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ನಂದೂ ಬರಕೊಳ್ರಿ. ನಾಕೂಕಾಲಿಗೆ ನನ್ನ ಗಾಡಿ ಮನೋಳಿ ಹೊಳಿ ಬ್ರಿಜ್ ಮ್ಯಾಲ ಇತ್ತು. ಕುರಿ ಅಡ್ಡ ಬಂದಿದ್ವು. ಉದ್ದಕ ಹಾರ್ನ್ ಹೊಡದೆ."

ಮನೋಳಿಯಿಂದ ರಾಮದುರ್ಗಕ್ಕೆ ಕೇಳಿಸುವ ಹಾರ್ನ್ ಯಾವ ಬಸ್ಸಿಗೂ ಇಲ್ಲ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರಿಗೆ ಅದು ಗೊತ್ತಿಲ್ಲವೇ? ಅವರು ಅಂದಷ್ಟನ್ನೇ ಬರೆದು, ನಿಯಮದಂತೆ ಓದಿ ಹೇಳಿದೆ.

"ಸರಿ ಐತ್ರಿ," ಎಂದು ಸಹಿ ಮಾಡಿದರು.