ಲಂಡನ್ನಿಗೆ ಫಾಸ್ಟ್ ಲೋಕಲ್

ನಮ್ಮ ಚಿಕ್ಕಪ್ಪನಿಗೆ ವಿಮಾನದಲ್ಲಿ ಕೂರಲು ಬರುವುದಿಲ್ಲ ಎಂದರೆ ನೀವು ನಗಬಹುದು. ಕೂರಲು ಬರುವುದೇನು ಮಣ್ಣು, ಬೆಲ್ಟು ಕಟ್ಟಿ ಬೆನ್ನು ಒರಗಿಸಿದರೆ ಮುಗಿಯಿತಲ್ಲ ಅನ್ನಬಹುದು. ಹಾಗಂತ ಅನ್ನುವ ನೀವು, ಎರಡು ಮಕ್ಕಳನ್ನೂ ಈ ಒಬ್ಬ ಚಿಕ್ಕಪ್ಪನನ್ನೂ ಕಟ್ಟಿಕೊಂಡು ಮುಂಬಯಿಯಿಂದ ಲಂಡನ್ನಿಗೆ ಒಂಬತ್ತು ಗಂಟೆ ಹಾರಿದವರಲ್ಲ! ನಾನು ಹಾರಿದ್ದೇನೆ. ನನ್ನ ಗಂಡನಿಗೂ ಹಾರಲಿಕ್ಕಿತ್ತು. ಆದರೆ ಚಿಕ್ಕಪ್ಪನೂ ಬರುತ್ತಾರೆ ಎಂದು ಗೊತ್ತಾದ ದಿನವೇ ಅವರ ಆಫೀಸಿನಲ್ಲಿ ಏನೋ ಮಹಾ ಅರ್ಜೆಂಟು ಕೆಲಸ ಹುಟ್ಟಿಕೊಂಡಿತು. "ನೀವು ಮುಂದೆ ಹೋಗಿ, ನಾನು ವಾರ ಬಿಟ್ಟು ಬರ್ತೇನೆ" ಎಂದು ನವಿ ಮುಂಬಯಿಯ ಸೀವುಡ್ಸಿನ ಮನೆಯಲ್ಲಿ ಕಾಲು ಚಾಚಿ ಕುಳಿತರು.

ಚಿಕ್ಕಪ್ಪ ಅಂದರೆ ನನ್ನ ಅಪ್ಪನ ತಮ್ಮ. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹೊರವಲಯದ ಡೊಂಬಿವಲಿಯಲ್ಲಿ ನೆಲೆ ನಿಂತವರು. ಫೋರ್ಟಿನ ಒಂದು ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದರು. ಆದರೆ ಆ ಆಫೀಸಿನಲ್ಲಿ ಏನು ತಯಾರಾಗುತ್ತಿತ್ತು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವರು ಬಾಯಿ ಬಿಟ್ಟರೆ ಬರುತ್ತಿದ್ದದ್ದು ಬೆಳಗಿನ ಎಂಟು ಹನ್ನೆರಡರ ಫಾಸ್ಟ್ ಲೋಕಲ್ ರೈಲಿನ ಸುದ್ದಿ ಮಾತ್ರ. ಅದರ ಡಬ್ಬಿಯಲ್ಲಿ, ಅಂದರೆ ಬೋಗಿಯಲ್ಲಿ, ಅವರದೊಂದು ಗ್ರೂಪು. ಆ ಗ್ರೂಪಿಗೆ ಭಜನೆ, ಹುಟ್ಟುಹಬ್ಬ, ದಸರೆಗೆ ಡಬ್ಬಿಯ ಪೂಜೆ, ಶನಿವಾರ ಶನಿವಾರ ತಿಂಡಿ. ಇವರು ಅದರ ಮುಖಂಡ. ರಿಟೈರಾಗಿ ವರ್ಷಗಳಾದರೂ ಮೈಯೊಳಗಿನ ಲೋಕಲ್ಲು ನಿಂತಿಲ್ಲ.

ಇನ್ನು ಲಂಡನ್ ಯಾಕೆ? ಚಿಕ್ಕಪ್ಪನ ಒಬ್ಬಳೇ ಮಗಳು, ಅಂದರೆ ನನ್ನ ತಂಗಿ, ಗಂಡನ ಜೊತೆ ಅಲ್ಲಿ ದೋಸೆ ಹೋಟೆಲು ನಡೆಸುತ್ತಾಳೆ. ಎರಡನೇ ಹೋಟೆಲು ತೆರೆಯುವುದಕ್ಕೆ ನಮ್ಮನ್ನೆಲ್ಲ ಕರೆದಿದ್ದಳು. ಅವಳಿಗೆ ಐದು ವರ್ಷದ ಮಗಳು. ಬಾಣಂತನಕ್ಕೆ ಹೋಗಿಬಂದದ್ದು ಚಿಕ್ಕಮ್ಮ. ಈಗ ಚಿಕ್ಕಮ್ಮನಿಗೆ ಮೊಣಕಾಲು ನೋವು, ಅಷ್ಟು ಹೊತ್ತು ಕೂರಲಿಕ್ಕಾಗುವುದಿಲ್ಲ. ಚಿಕ್ಕಪ್ಪ ಮೊಮ್ಮಗಳನ್ನು ಕಂಡದ್ದೆಲ್ಲ ಕಂಪ್ಯೂಟರಿನಲ್ಲಿ. ಅದೂ ಎಂಥ ಕಾಣುವುದು! ಇವರ ಮುಖ ಪರದೆಯ ಮೇಲೆ ಮೂಡಿದ ಕೂಡಲೇ ಆ ಹುಡುಗಿ ಮೇಜಿನ ಅಡಿಗೆ ನುಗ್ಗುತ್ತಿತ್ತು. ಹೊರಡುವ ವಾರ ತಂಗಿ ಫೋನಿನಲ್ಲಿ ಮೆಲ್ಲಗೆ ಹೇಳಿದ್ದಳು: "ಅಪ್ಪಾ, ಅವಳು ಹೊಸಬರ ಹತ್ತಿರ ಹೋಗುದೇ ಇಲ್ಲ. ನಿಮ್ಮ ಹತ್ತಿರ ಬರದಿದ್ರೆ ಬೇಜಾರು ಮಾಡ್ಕೊಳ್ಬೇಡಿ, ಆಯ್ತಾ?"

ಅಷ್ಟೇ! "ನಾನು ಹೊಸಬನಾ?" ಎಂದು ಡೊಂಬಿವಲಿಯಲ್ಲಿ ಎದುರು ಸಿಕ್ಕವರನ್ನೆಲ್ಲ ಕೇಳಿದರು. ನನಗೆ ಫೋನು ಮಾಡಿ ಕೇಳಿದರು. ಹೂವಿನವಳನ್ನೂ ಬಿಡಲಿಲ್ಲವಂತೆ. ಕಡೆಗೆ ತಾವೇ ಒಂದು ತೀರ್ಮಾನಕ್ಕೆ ಬಂದು ನನಗೆ ಹೇಳಿದರು: "ನೋಡು ಮಗಾ, ವಿಮಾನದಲ್ಲಿ ನಿನ್ನ ಎರಡೂ ಮಕ್ಕಳು ನನ್ನ ಜವಾಬ್ದಾರಿ. ನೀನು ಬೇಕಾದ್ರೆ ಮಲಕ್ಕೋ. ನನಗೂ ಮಕ್ಕಳನ್ನು ಆಡಿಸಿ ಅಭ್ಯಾಸ ಆದ ಹಾಗಾಯ್ತು. ಇಡೀ ಡಬ್ಬಿ ಸಂಭಾಳಿಸಿದವ ನಾನು, ಇದು ಯಾವ ಮಹಾ!" ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು, ಇಬ್ಬರೂ ನನ್ನ ಜೀವ ಹಿಂಡುವವರೇ. ಯಾರಾದರೂ ನೋಡಿಕೊಳ್ಳುತ್ತೇನೆಂದರೆ ಬೇಡ ಅನ್ನಲು ನನಗೇನು ಹುಚ್ಚೇ? ಹೂಂ ಅಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹತ್ತುವಾಗಲೇ ಸುರುವಾಯಿತು. ವಿಮಾನಕ್ಕೆ ಬನ್ನಿ ಎಂದು ಮೈಕಿನಲ್ಲಿ ಕರೆದದ್ದೇ ತಡ, ಚಿಕ್ಕಪ್ಪ ಬ್ಯಾಗನ್ನು ಎದೆಗೆ ಅವಚಿಕೊಂಡು ಓಡಿಯೇ ಬಿಟ್ಟರು. "ನೀನು ಮಕ್ಕಳನ್ನು ಹಿಡ್ಕೊಂಡು ಬಾ, ನಾನು ಜಾಗ ಹಿಡೀತೇನೆ!" ಜಾಗ ಹಿಡಿಯುವುದೇ? ಸೀಟಿನ ನಂಬರು ಚೀಟಿಯಲ್ಲಿ ಅಚ್ಚಾಗಿದೆ ಚಿಕ್ಕಪ್ಪಾ ಎಂದು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಕ್ಕಳನ್ನು ಎಳೆದುಕೊಂಡು ಒಳಗೆ ಹೋಗಿ ನೋಡುತ್ತೇನೆ, ಬಾಗಿಲ ಹತ್ತಿರದ ಸೋಫಾದಂಥ ದೊಡ್ಡ ದೊಡ್ಡ ಸೀಟುಗಳ ಮೇಲೆ ನಾಲ್ಕು ಕರ್ಚೀಫುಗಳು! ಚಿಕ್ಕಪ್ಪ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಾರೆ. ಎದುರಿಗೆ ಕೋಟುಧಾರಿ ಒಬ್ಬರು ಚೀಟಿ ಹಿಡಿದು ಕಣ್ಣು ಬಿಡುತ್ತಿದ್ದಾರೆ. "ರುಮಾಲ್ ಡಾಲಾ ಹೈ ನಾ ಭಾಯ್, ದಿಖ್ತಾ ನಹೀಂ?" ಎಂದು ಚಿಕ್ಕಪ್ಪ ಅವರನ್ನೇ ಗದರುತ್ತಿದ್ದಾರೆ. ಗಗನಸಖಿ ಬಂದು ಇದು ಮೇಲ್ದರ್ಜೆಯವರ ಜಾಗ ಸರ್ ಎಂದಳು. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಇವಳಿಗೆ ಹೇಳು. ಫಸ್ಟ್ ಕ್ಲಾಸ್ ನನಗೆ ಹೊಸತಲ್ಲ. ಇಪ್ಪತ್ತು ವರ್ಷ ಪಾಸಿತ್ತು!" ಎಂದರು. ನಾನು ಕರ್ಚೀಫು ಹೆಕ್ಕಿ, ಕೋಟುಧಾರಿಯ ಕ್ಷಮೆ ಕೇಳಿ, ತಲೆ ತಗ್ಗಿಸಿ ಹಿಂದಕ್ಕೆ ನಡೆದೆ.

ನಮಗೆ ಸಿಕ್ಕಿದ್ದು ನಡುವಿನ ಸಾಲಿನ ನಾಲ್ಕು ಸೀಟು. ಕಿಟಕಿ ಬೇಕೆಂದು ಇಬ್ಬರೂ ಮಕ್ಕಳು ರಾಗ ತೆಗೆದರು. ಚಿಕ್ಕಪ್ಪ ಎದ್ದು ಓಣಿಯ ಆಚೆ ಕಿಟಕಿ ಪಕ್ಕ ಪೇಪರು ಓದುತ್ತಿದ್ದ ಬಿಳಿಯ ಮುದುಕರ ಬಳಿ ಬಗ್ಗಿ, ಅತ್ಯಂತ ವಿನಯದಿಂದ ಕೇಳಿದರು: "ಎಕ್ಸ್‌ಕ್ಯೂಸ್ ಮಿ, ವೇರ್ ಯೂ ಗೆಟ್ ಡೌನ್?"

ನಾನು ಕಣ್ಣು ಮುಚ್ಚಿಕೊಂಡೆ. ನಡುವೆ ಎಲ್ಲಿ ಇಳಿಯುವುದು ಮಾರಾಯ್ರೇ, ಮೋಡದ ಮೇಲೆಯೇ? ಆ ಮುದುಕರೋ ಸಂಭಾವಿತರು. ಸ್ವಲ್ಪ ಯೋಚಿಸಿ "ಲಂಡನ್" ಎಂದರು. "ಸೇಮ್ ಸೇಮ್!" ಎಂದು ಚಿಕ್ಕಪ್ಪ ಅವರ ಕೈ ಕುಲುಕಿ, ಅರ್ಧ ದಾರಿಯಾದ ಮೇಲೆ ಕುಳಿತವರು ಎದ್ದು, ನಿಂತವರಿಗೆ ಜಾಗ ಕೊಡಬೇಕಾದ್ದು ಗ್ರೂಪಿನ ನಿಯಮ ಎಂದು ತಮ್ಮ ಇಂಗ್ಲಿಷಿನಲ್ಲಿ ವಿವರಿಸಿದರು. ಅದಕ್ಕೆ ಆ ಪುಣ್ಯಾತ್ಮ ಒಪ್ಪಿಯೇಬಿಟ್ಟರು! "ಕಂಡ್ಯಾ? ಬಾಯಿಬಿಟ್ಟು ಕೇಳಬೇಕು ಮಾರಾಯ್ತಿ" ಎಂದು ನನಗೇ ಬುದ್ಧಿವಾದ.

ನಾನು ತಂದ ಬಣ್ಣದ ಪೆನ್ಸಿಲು, ಚಿತ್ರದ ಪುಸ್ತಕ ಎಲ್ಲ ಬ್ಯಾಗಿನಲ್ಲೇ ಉಳಿಯಿತು. ಎದುರು ಸೀಟಿನ ಬೆನ್ನಿಗೆ ಟೀವಿ ಇತ್ತು. ಮಗ ಕಾರ್ಟೂನು ಹಚ್ಚಿದ. ಚಿಕ್ಕಪ್ಪ "ಗ್ರೂಪಿನಲ್ಲಿ ಬಂದು ಯಾರಾದ್ರೂ ಟೀವಿ ನೋಡ್ತಾರಾ?" ಎಂದು ಅದನ್ನು ತೆಗೆಸಿ, ವಿಮಾನ ಎಲ್ಲಿದೆಯೆಂದು ತೋರಿಸುವ ನಕ್ಷೆ ಹಾಕಿಸಿದರು. ಆಮೇಲೆ ತಮ್ಮ ಲೋಕಲ್ಲಿನ ಸ್ಟೇಷನ್ನುಗಳನ್ನು ಗಂಟೆಗೊಂದರಂತೆ ಹಂಚಿದರು. ಹಾರಿದ್ದು ಡೊಂಬಿವಲಿ. ಸಮುದ್ರದ ಮೇಲೆ ಠಾಣೆ. ಯಾವುದೋ ಮರುಭೂಮಿಗೆ ಮುಲುಂಡ್ ಎಂದು ಹೆಸರು. ಕೊನೆಗೆ ಬರುವ ಲಂಡನ್ನೇ ವೀಟಿ. ಆ ಸ್ಟೇಷನ್ನಿನ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ಚಿಕ್ಕಪ್ಪನ ಬಾಯಲ್ಲಿ ಅದು ವೀಟಿಯೇ. ಮೂಗು ಹಿಡಿದು, ರೈಲಿನ ಹೆಂಗಸಿನ ದನಿಯಲ್ಲಿ "ಅಗ್ಲಾ ಸ್ಟೇಷನ್, ಭಾಂಡುಪ್" ಎಂದು ಅವರು ಕೂಗುವುದು, ಮಗ ಹಿಂದಿನಿಂದ "ಚಲೋ ಚಲೋ, ಅಂದರ್ ಚಲೋ" ಎಂದು ತಳ್ಳುವುದು. ಅಕ್ಕಪಕ್ಕದ ಸಾಲುಗಳ ಮಕ್ಕಳೂ ಒಂದೊಂದಾಗಿ ಬಂದು ಸೇರಿದವು. ಎರಡು ಬಿಳಿಯ ಮಕ್ಕಳು, ಒಂದು ಸರ್ದಾರರ ಹುಡುಗ. ಎಲ್ಲರೂ ಓಣಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು, ಮೇಲೆ ಕೈಯೆತ್ತಿ, ಇಲ್ಲದ ಹಿಡಿಕೆಯನ್ನು ಹಿಡಿದು ಜೋಲಿ ಹೊಡೆಯುತ್ತ ನಿಂತಿದ್ದರು. ಅಷ್ಟು ದೊಡ್ಡ ವಿಮಾನದಲ್ಲಿ ಜಾಗವಿರಲಿಲ್ಲವೇ? ಇತ್ತು. ಆದರೆ ಆರಾಮಾಗಿ ನಿಂತರೆ ಅದು ಲೋಕಲ್ಲಲ್ಲವಂತೆ!

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಚಿಕ್ಕಪ್ಪ ಜೇಬಿನಿಂದ ತಾಳ ತೆಗೆದರು. ಹೌದು, ಭಜನೆಯ ತಾಳ! ಎಲ್ಲ ತಪಾಸಣೆ ದಾಟಿ ಅದು ಹೇಗೆ ಬಂತೋ ದೇವರಿಗೇ ಗೊತ್ತು. ಇವರು "ವಿಠಲ ವಿಠಲ" ಎಂದರೆ ಐದು ಮಕ್ಕಳು ಐದು ಶ್ರುತಿಯಲ್ಲಿ "ವಿಠಲ ವಿಠಲ". ಗಗನಸಖಿ ಓಡಿಬಂದು, ಸರ್, ಕೆಲವರು ಮಲಗಿದ್ದಾರೆ ಎಂದಳು.

"ಮಲಗುವವರು ಮುಂದಿನ ಡಬ್ಬಿಗೆ ಹೋಗ್ಲಿ. ಇದು ಭಜನೆ ಡಬ್ಬಿ."

ನನ್ನ ತಾಳ್ಮೆ ತಪ್ಪಿತು. ತಾಳ ಕಿತ್ತುಕೊಂಡು ನನ್ನ ಪರ್ಸಿಗೆ ತುಂಬಿದೆ. "ಸಾಕು ಚಿಕ್ಕಪ್ಪಾ! ಮಕ್ಕಳನ್ನು ನೋಡ್ಕೊಳ್ಳಿ ಅಂದ್ರೆ ವಿಮಾನದ ಮಕ್ಕಳನ್ನೆಲ್ಲ ಕೆಡಿಸಿ ಇಟ್ಟಿರಲ್ಲ! ಸುಮ್ಮನೆ ಕೂತ್ಕೊಳ್ಳಿ. ಇನ್ನು ಒಂದು ಮಾತಾಡಿದ್ರೆ ನಾನು ಬೇರೆ ಸೀಟಿಗೆ ಹೋಗ್ತೇನೆ." ಹಿರಿಯರಿಗೆ ಹಾಗೆ ಅನ್ನಬಾರದು, ಗೊತ್ತು. ಆದರೆ ಹಿರಿಯರು ಹಿರಿಯರ ಹಾಗಿದ್ದರಲ್ಲವೇ?

ಸುಮ್ಮನೆ ಕುಳಿತರು. ಮಕ್ಕಳು ತಂತಮ್ಮ ಸೀಟಿಗೆ ಹೋದವು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಪ್ಪ ನನ್ನ ಕಡೆ ವಾಲಿ ಸಣ್ಣ ದನಿಯಲ್ಲಿ, "ನಿನ್ನ ಮಗಳು ನನ್ನ ಹತ್ತಿರ ತಾನಾಗಿ ಬಂದದ್ದು ಯಾವಾಗ? ಭಾಂಡುಪ್‌ನಲ್ಲಲ್ವಾ?" ಎಂದರು. ನಿಜ. ನನ್ನ ಮಗಳು ಯಾರ ಕೈಗೂ ಹೋಗುವವಳಲ್ಲ. ಮೊದಲ ಮೂರು ಗಂಟೆ ನನ್ನ ಕುತ್ತಿಗೆಗೇ ಜೋತುಬಿದ್ದಿದ್ದಳು. ಭಾಂಡುಪ್ ಎಂದು ಕೂಗಿದಾಗ ತಾನಾಗಿ ಇಳಿದು ಹೋಗಿ ಅವರ ಪ್ಯಾಂಟು ಹಿಡಿದಿದ್ದಳು.

"ಅಂದ್ರೆ ಮೂರು ಗಂಟೆ ಬೇಕು. ಅದು ಲಂಡನ್ ಮಗು, ಕನ್ನಡ ಬೇರೆ ಬರುದಿಲ್ಲ. ಐದು ಗಂಟೆ ಇಟ್ಕೊಳ್ಳುವ. ಅಲ್ವಾ ಮಗಾ? ಐದು ಗಂಟೆಯಲ್ಲಿ ಬಂದಾಳಲ್ವಾ?"

ಬೈದ ಬಾಯಲ್ಲೇ "ಬರ್ತಾಳೆ ಚಿಕ್ಕಪ್ಪ" ಎಂದೆ. "ನನಗೂ ಹಾಗೇ ಅನಿಸ್ತದೆ" ಎಂದು ಅವರು ಸಮಾಧಾನದಿಂದ ಬ್ಯಾಗು ತೆರೆದು ಕೋಡುಬಳೆ ಹಂಚಲು ಎದ್ದರು. ಕಿಟಕಿ ಬಿಟ್ಟುಕೊಟ್ಟ ಬಿಳಿಯ ಮುದುಕರಿಗೆ ಎರಡು ಹೆಚ್ಚು.

ಇನ್ನೇನು ಶಾಂತಿ ಎಂದುಕೊಂಡು ನಾನು ಕಣ್ಣು ಮುಚ್ಚಿದ್ದೇನೆ, "ಏಳು ಏಳು, ದಾದರ್ ಬಿಟ್ಟಾಯ್ತು!" ಎಂದು ಭುಜ ಅಲುಗಾಡಿಸಿದರು. ನೋಡಿದರೆ ಇಳಿಯಲು ಇನ್ನೂ ಒಂದೂವರೆ ಗಂಟೆಯಿದೆ. ಇವರು ಮೇಲಿನ ಬ್ಯಾಗುಗಳನ್ನೆಲ್ಲ ಇಳಿಸಿ, ನನ್ನ ಮಕ್ಕಳ ಜೊತೆಗೆ ಸರ್ದಾರರ ಹುಡುಗನನ್ನೂ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿದ್ದಾರೆ! "ಈಗಲೇ ಬಾಗಿಲಿಗೆ ಬರದಿದ್ರೆ ಇಳಿಲಿಕ್ಕಾಗುದಿಲ್ಲ. ಹತ್ತುವವರು ಒಳಗೆ ತಳ್ಳಿಬಿಡ್ತಾರೆ" ಎಂದು ಮಕ್ಕಳಿಗೆ ಪಾಠ. ಗಗನಸಖಿ ಈಗ ಪಳಗಿದ್ದಳು, ನಗುತ್ತಲೇ ಬಂದಳು.

"ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರ್ತದಮ್ಮಾ?" ಎಂದು ಹಿಂದಿಯಲ್ಲಿ ಕೇಳಿದರು.

"ಎಡಕ್ಕೆ ಸರ್. ಯಾವಾಗಲೂ ಎಡಕ್ಕೇ."

"ನೋಡು, ಕೆಲಸ ಗೊತ್ತಿರುವ ಹುಡುಗಿ" ಎಂದು ಮೆಚ್ಚಿ, ಅವಳು ಹೇಳಿದ್ದಕ್ಕೆ ಬಂದು ಕುಳಿತರು. ನಾನು ಮೂರು ಸಲ ಹೇಳಿದ್ದಕ್ಕೆ ಕುಳಿತಿರಲಿಲ್ಲ.

ವಿಮಾನ ಇಳಿಯುವಾಗ ಮಗಳಿಗೆ ಕಿವಿನೋವು ಬಂತು. ಅಯ್ಯೋ, ಆ ಕಿರುಚಾಟ! ನಾನು ಮುದ್ದಿಸಿದೆ, ಬೈದೆ, ಪೆಪ್ಪರ್ಮೆಂಟು ಬಾಯಿಗೆ ತುರುಕಿದೆ. ಏನೂ ನಾಟಲಿಲ್ಲ. "ಅಜ್ಜಾ ಕೆ ಪಾಸ್ ಜಾನಾ ಹೈ" ಎಂದು ಚಿಕ್ಕಪ್ಪನತ್ತ ಕೈ ಚಾಚಿ ನನ್ನನ್ನೇ ಒದ್ದಳು. ಬೆಲ್ಟು ಬಿಚ್ಚಬಹುದು ಎಂದ ತಕ್ಷಣ ಚಿಕ್ಕಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರು. ಐದು ನಿಮಿಷಕ್ಕೆ ನಿದ್ದೆ. ಪಾಸ್‌ಪೋರ್ಟು ತೋರಿಸುವ ಸಾಲಿನಲ್ಲಿ ಅಷ್ಟು ಹೊತ್ತು ನಿಂತರೂ ನನಗೆ ಕೊಡಲಿಲ್ಲ. "ಬೇಡ, ಎಚ್ಚರ ಆಗ್ತದೆ" ಎಂದರು.

ಹೊರಗೆ ಬಂದರೆ ಕಟಕಟೆಯ ಆಚೆ ತಂಗಿ ಕೈ ಬೀಸುತ್ತಿದ್ದಳು. ಅವಳ ಉದ್ದ ಕೋಟಿನ ಹಿಂದಿನಿಂದ ಒಂದು ಕೆಂಪು ಟೊಪ್ಪಿ, ಟೊಪ್ಪಿಯ ಕೆಳಗೆ ಅರ್ಧ ಮುಖ. ಚಿಕ್ಕಪ್ಪ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಾನು ಹುಟ್ಟಿದಂದಿನಿಂದ ಒಮ್ಮೆಯೂ ನನ್ನನ್ನು ಒಂದು ಸಲಹೆ ಕೇಳದ ಚಿಕ್ಕಪ್ಪ, "ಈಗ ಎಂತ ಮಾಡುದು ಮಗಾ?" ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಏನೂ ಮಾಡ್ಬೇಡಿ ಚಿಕ್ಕಪ್ಪ" ಎಂದೆ, "ಸುಮ್ಮನೆ ಹೀಗೇ ನಿಂತ್ಕೊಳ್ಳಿ."

ನಿಂತರು. ತಂಗಿಯೂ ಮಗಳನ್ನು ತಳ್ಳಲಿಲ್ಲ. ಟೊಪ್ಪಿಯ ಹುಡುಗಿ ಮೊದಲು ಅವರ ಮುಖ ನೋಡಿತು. ಆಮೇಲೆ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ನನ್ನ ಮಗಳನ್ನು ನೋಡಿತು. ನೋಡುತ್ತ ನೋಡುತ್ತ ಅದರ ಹುಬ್ಬು ಗಂಟಾಯಿತು. ಕೋಟಿನ ಮರೆಯಿಂದ ಪೂರಾ ಹೊರಗೆ ಬಂದು, ನನ್ನ ಮಗಳತ್ತ ಬೆರಳು ತೋರಿಸಿ, ಸುತ್ತಲಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿತು: "ಮಮ್ಮೀ! ದಟ್ಸ್ ಮೈ ಅಜ್ಜಾ!"

ಕೂಗಿದ್ದಷ್ಟೇ ಅಲ್ಲ, ನೆಟ್ಟಗೆ ನಡೆದು ಬಂದು ಚಿಕ್ಕಪ್ಪನ ಎದುರು ನಿಂತು ಎರಡೂ ಕೈ ಮೇಲೆತ್ತಿತು. ಚಿಕ್ಕಪ್ಪ ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ ಮೊಣಕಾಲು ಬಗ್ಗಿಸಿ, ಇನ್ನೊಂದು ತೋಳಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡರು. ಎದ್ದು ನಿಲ್ಲುವಾಗ ಸ್ವಲ್ಪ ತೂರಾಡಿದರು. ತಂಗಿ ಒಂದನ್ನಾದರೂ ಕೊಡಿ ಅಪ್ಪಾ ಎಂದಳು, ನಾನೂ ಕೈ ಚಾಚಿದೆ. ಇಬ್ಬರಿಗೂ ಕೊಡಲಿಲ್ಲ. ಹಾಗೇ ನಡೆದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ನಾನು ಜೊತೆಜೊತೆಗೆ ಹೆಜ್ಜೆ ಹಾಕುತ್ತ ನನ್ನ ದುಪಟ್ಟಾದ ತುದಿಯಿಂದ ಒರೆಸಿದೆ.